ಎರಡು ನುಡಿಗಳ ಸೀಮೆ: ಚಾಮರಾಜನಗರ, ಗುಂಡ್ಲುಪೇಟೆಗಳ ಚರಿತ್ರೆಯಿಂದ

ಮೈಸೂರು ಸೀಮೆಯ ತೆಂಕಣ ಅಂಚಿನಲ್ಲಿ, ಕಾವೇರಿಯ ಬಯಲು ಮುಗಿದು ಮಲೆಗಳು ಮೊದಲಾಗುವ ಎಡೆಯಲ್ಲಿ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಿವೆ. ಚಾಮರಾಜನಗರದಿಂದ ತೆಂಕಮುಖವಾಗಿ ಹೊರಟ ದಾರಿಯು ಹಾಸನೂರು ದಿಂಬಗಳ ಘಟ್ಟವನ್ನಿಳಿದು ಸತ್ಯಮಂಗಲಕ್ಕೂ ಅಲ್ಲಿಂದ ಕೊಂಗುನಾಡಿಗೂ ಹೋಗುತ್ತದೆ. ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರದ ಕಾಡನ್ನು ಹಾದು ಗೂಡಲೂರು ಉದಕಮಂಡಲಗಳಿಗೆ ಏರುತ್ತದೆ; ಮತ್ತೊಂದು ಸುಲ್ತಾನ್ ಬತ್ತೇರಿಯ ಮೇಲೆ ವಯನಾಡಿಗೆ ಸಾಗುತ್ತದೆ. ಕನ್ನಡ, ತಮಿಳು, ಮಲಯಾಳಗಳು ಒಂದು ದಿನದ ನಡಿಗೆಯೊಳಗೆ ಒಂದನ್ನೊಂದು ಸಂಧಿಸುವ ಇಂತಹ ಪ್ರದೇಶಗಳು ಕರ್ನಾಟಕದಲ್ಲಿ ಹೆಚ್ಚಾಗಿಲ್ಲ. ಇವುಗಳ ನಡುವೆ ಸೋಲಿಗರದೂ ಕುರುಬರದೂ ಆದ ಕಾಡಿನ ನುಡಿಗಳು ಬೇರೆ.

ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಿಡಿಯುವ ದಾರಿಯೊಂದುಂಟು. ಶಾಸನವು ತಮಿಳಿನಲ್ಲಿದ್ದರೆ ಅಲ್ಲಿ ತಮಿಳರಿದ್ದರೆಂದೂ ಕನ್ನಡದಲ್ಲಿದ್ದರೆ ಕನ್ನಡಿಗರಿದ್ದರೆಂದೂ ಎಣಿಸಿ, ಒಂದರ ಸಂಖ್ಯೆಯಿಂದ ಇನ್ನೊಂದರ ಸಂಖ್ಯೆಯನ್ನು ಕಳೆದು, ಊರು ಯಾರದೆಂದು ತೀರ್ಮಾನಿಸುವುದು ಆ ದಾರಿ. ಮನುಷ್ಯನಿಗೆ ಒಂದೇ ನಾಲಗೆಯಂತೆ ಒಂದೇ ಭಾಷೆಯೆಂಬ ನಂಬಿಕೆ ಇದರ ಬುಡದಲ್ಲಿದೆ. ಈ ಎರಡು ತಾಲ್ಲೂಕುಗಳಲ್ಲಿ ದೊರೆಯುವ ಆಧಾರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ಬಹುಕಾಲ ಭಾಷೆಗಳು ಹಂಚಿಕೊಂಡದ್ದು ಜನರನ್ನಲ್ಲ, ಕೆಲಸಗಳನ್ನು. ಒಬ್ಬನೇ ಮನುಷ್ಯನು ದೇವರ ಮುಂದೆ ಒಂದು ನುಡಿಯನ್ನೂ ಸಂತೆಯಲ್ಲಿ ಇನ್ನೊಂದು ನುಡಿಯನ್ನೂ ಆಡಿದನು.

ಮೊದಲು ಊರಿನ ಹೆಸರನ್ನೇ ನೋಡಬಹುದು. ಚಾಮರಾಜನಗರವೆಂಬುದು ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಗೌರವದಿಂದ ಇಟ್ಟ ಹೆಸರು. ಅದಕ್ಕೆ ಹಿಂದೆ ಇದು ಅರಿಕುಠಾರವಾಗಿತ್ತು. ಹಗೆಗಳಿಗೆ ಕೊಡಲಿಯೆಂಬ ಈ ವೀರಾರ್ಥವು ಸಂಸ್ಕೃತಜ್ಞರ ಕೊಡುಗೆಯಾಗಿರಬೇಕು. ಶಾಸನದಲ್ಲಿ ಕಾಣುವ ರೂಪ ಅರಕೊಟ್ಟಾರ. ಕೊಟ್ಟಾರವೆಂಬ ಪದ ಕನ್ನಡ, ತಮಿಳು, ಮಲಯಾಳ ಮೂರರಲ್ಲಿಯೂ ಉಂಟು. ಕನ್ನಡಿಗನಿಗೆ ಅದು ಕಣಜ, ಮಲಯಾಳಿಗೆ ಅರಮನೆ. ಮೂರು ದಾರಿಗಳಿಂದ ಬಂದವರೂ ತಮ್ಮದೆಂದು ತಿಳಿದುಕೊಳ್ಳಬಹುದಾದ ಹೆಸರು ಇದಾಗಿತ್ತು.

ಈ ಊರಿನ ಪಾರ್ಶ್ವನಾಥ ಬಸದಿಯ ೧೧೧೭ರ ಕನ್ನಡ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನದು. ಅದರಲ್ಲಿ ಅವನ ಪ್ರತಾಪವನ್ನು ವರ್ಣಿಸುವಾಗ ತೊದವರು, ಕೊಂಗರು, ಪೊಲುವರು, ಮಲೆಯಾಳರು ಎಂದು ಅವನು ಅಂಜಿಸಿದ ಅಥವಾ ಗೆದ್ದ ಜನರ ಹೆಸರುಗಳು ಒಂದರ ಮೇಲೊಂದಾಗಿ ಬರುತ್ತವೆ. ನೀಲಗಿರಿಯನ್ನು ಹೊಕ್ಕ ಮಾತೂ ಇದೆ. ನೀಲಗಿರಿಯ ತೊದವರ ಹೆಸರು ಬರಹದಲ್ಲಿ ಕಾಣಿಸಿಕೊಂಡದ್ದು ಇದೇ ಮೊದಲೆಂದು ವಿದ್ವಾಂಸರು ಬಹುಕಾಲದಿಂದ ಎಣಿಸಿದ್ದಾರೆ. ವೀರವರ್ಣನೆಯಲ್ಲಿ ಅತಿಶಯೋಕ್ತಿ ಸಹಜ. ಅದನ್ನು ಕಳೆದರೂ ಉಳಿಯುವುದೇನೆಂದರೆ, ಅರಕೊಟ್ಟಾರದಲ್ಲಿ ನಿಂತು ನೋಡಿದವನಿಗೆ ಕಾಣುತ್ತಿದ್ದ ನೆರೆಹೊರೆಯ ಪಟ್ಟಿ. ಅದು ಬೇರೆ ಬೇರೆ ನುಡಿಯ ಜನಗಳ ಪಟ್ಟಿ.

ಪುಣಿಸನ ಹಿಂದಿನ ನೂರು ವರ್ಷಗಳು ಚೋಳರವು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ವಶವಾಗಿ ರಾಜರಾಜಪುರವೆನಿಸಿತು. ವಿಷ್ಣುವರ್ಧನನು ಅದನ್ನು ಬಿಡಿಸಿಕೊಂಡು ತಲಕಾಡುಗೊಂಡನೆನಿಸಿದನು. ಈ ನಡುವೆ ಕಾವೇರಿ ಕಪಿಲೆಗಳ ದಕ್ಷಿಣದ ನಾಡಿನಲ್ಲಿ ತಮಿಳು ಶಾಸನಗಳು ಮೂಡಿದುವು. ಇವುಗಳಲ್ಲಿ ಹೆಚ್ಚಿನವು ದೇವಾಲಯಕ್ಕೆ ಬಿಟ್ಟ ನೆಲ, ನಂದಾದೀಪ, ನೈವೇದ್ಯಗಳ ಲೆಕ್ಕ. ಚೋಳರ ಆಡಳಿತವು ತನ್ನೊಡನೆ ತಂದ ಬರಹದ ಪದ್ಧತಿ. ಆದರೆ ಅದೇ ಚೋಳರಾಜ್ಯದ ಕಾಲಗಣನೆಯನ್ನು ತಲೆಯಲ್ಲಿ ಹೊತ್ತ ಕನ್ನಡ ಶಾಸನಗಳೂ ಉಂಟು. ಪಕ್ಕದ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ೧೦೫೭ರ ಶಾಸನವು ರಾಜೇಂದ್ರದೇವ ಚೋಳನ ಆಳ್ವಿಕೆಯನ್ನು ಹೇಳಿ, ಗಂಡನು ಮರಣದಂಡನೆಗೆ ಗುರಿಯಾದನೆಂಬ ಸುದ್ದಿಯನ್ನು ಕೇಳಿ ತಂದೆತಾಯಿಗಳು ತಡೆದರೂ ನಿಲ್ಲದೆ ಬೆಂಕಿಯನ್ನು ಹೊಕ್ಕ ದೇಕಬ್ಬೆಯ ಕಥೆಯನ್ನು ಒಳ್ಳೆಯ ಕನ್ನಡ ಪದ್ಯಗಳಲ್ಲಿ ಹೇಳುತ್ತದೆ. ದೊರೆಯ ಹೆಸರು ತಮಿಳು ದೊರೆಯದು, ದುಃಖ ಕನ್ನಡದ್ದು. ದತ್ತಿಗೆ ಒಂದು ಭಾಷೆ, ವೀರಗಲ್ಲು ಮಾಸ್ತಿಕಲ್ಲುಗಳಿಗೆ ಇನ್ನೊಂದು ಎಂಬ ಈ ಹಂಚಿಕೆಯನ್ನು ಗಮನಿಸದೆ ತಲೆಯೆಣಿಕೆ ಮಾಡುವುದು ಸರಿಯಲ್ಲ.

ಹೊಯ್ಸಳರ ಕೊನೆಗಾಲದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯು ದೊಡ್ಡ ಅಧಿಕಾರಸ್ಥಾನವಾಯಿತು. ಪೆರುಮಾಳೆ ದಂಡನಾಯಕನ ಮಗನಾದ ಮಾಧವ ದಂಡನಾಯಕನು ಇಲ್ಲಿಂದ ಆಳಿದನು; ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ೧೩೧೫ರಲ್ಲಿ ಕಟ್ಟಿಸಿದವನು ಇವನೇ ಎಂದು ಪ್ರಸಿದ್ಧಿ. ನೀಲಗಿರಿಯನ್ನು ಸಾಧಿಸಿದವರೆಂಬ ಬಿರುದು ಈ ಮನೆತನಕ್ಕಿತ್ತು. ಇದೇ ಮನೆತನದವರು ಘಟ್ಟದ ಕೆಳಗೆ, ಭವಾನಿ ಮೋಯಾರುಗಳು ಕೂಡುವ ಬಳಿ, ಕೋಟೆಯೊಂದನ್ನು ಹಿಡಿದಿದ್ದರು. ತಮಿಳರು ಅದನ್ನು ದಣ್ಣಾಯಕನ್‌ಕೋಟೆಯೆಂದು ಕರೆದರು. ಕನ್ನಡದ ಪದವಿಯೊಂದು ತಮಿಳಿನ ಸ್ಥಳನಾಮವಾಗಿ ನಿಂತಿತು. ಘಟ್ಟದ ಮೇಲೆ ಕನ್ನಡದಲ್ಲಿಯೂ ಘಟ್ಟದ ಕೆಳಗೆ ತಮಿಳಿನಲ್ಲಿಯೂ ಶಾಸನ ಬರೆಯಿಸಿದ ಇವರನ್ನು ಯಾವ ಭಾಷೆಯವರೆಂದು ಕೇಳಿದ್ದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿತ್ತೋ ಇಲ್ಲವೋ ಸಂದೇಹ. ಆ ಕೋಟೆಯೂ ಅದರೊಳಗಿನ ಮಾಧವರಾಯನ ಗುಡಿಯೂ ೧೯೫೫ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಮುಳುಗಿದುವು. ನೀರು ಬತ್ತಿದ ವರ್ಷಗಳಲ್ಲಿ ಗುಡಿ ಹೊರಗೆ ಕಾಣುತ್ತದೆ.

ಇನ್ನು ಹದಿನೇಳನೆಯ ಶತಮಾನಕ್ಕೆ ಬಂದರೆ, ಈ ಸೀಮೆಯ ಉಭಯಭಾಷಾವ್ಯವಹಾರದ ಅತ್ಯಂತ ಫಲವತ್ತಾದ ಘಟ್ಟ ಸಿಕ್ಕುತ್ತದೆ. ಚಿಕ್ಕದೇವರಾಜ ಒಡೆಯರು ೧೬೭೩ರಲ್ಲಿ ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ, ಒಂದು ವಿಧವಾದ ನಿರ್ಬಂಧದಲ್ಲಿ, ವಾಸವಾಗಿದ್ದರೆಂದು ವಿಲ್ಕ್ಸನು ಬರೆದಿದ್ದಾನೆ. ಆಗ ಅವರ ಜೊತೆಗಾರನಾಗಿದ್ದವನು ಯಳಂದೂರಿನ ಜೈನನಾದ ವಿಶಾಲಾಕ್ಷ ಪಂಡಿತ, ಮುಂದೆ ಮಂತ್ರಿಯಾದವನು. ಅವನ ತರುವಾಯ ಮಂತ್ರಿಪದವಿಗೆ ಬಂದ ತಿರುಮಲಾರ್ಯನು ಶ್ರೀವೈಷ್ಣವ, ದೊರೆಗೆ ಸಹಪಾಠಿ. ಚಿಕ್ಕದೇವರಾಜರ ತಂದೆ ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲಿ. ಅವರ ನೆನಪಿಗಾಗಿ ದೊರೆಯು ಅಲ್ಲಿ ಪರವಾಸುದೇವರ ದೇವಾಲಯವನ್ನೂ ಅಗ್ರಹಾರವನ್ನೂ ಏರ್ಪಡಿಸಿದನು. ಹಳೆಯ ವಿಜಯಪುರದ ವಿಜಯನಾರಾಯಣನ ಜೊತೆಗೆ ಹೀಗೆ ಇನ್ನೊಂದು ವೈಷ್ಣವಸ್ಥಾನವು ಕೂಡಿ, ಕೌಂಡಿನ್ಯಾ ನದಿಯ ದಡದ ಈ ಪೇಟೆಯು ಶ್ರೀವೈಷ್ಣವರ ನೆಲೆಯಾಯಿತು.

ಶ್ರೀವೈಷ್ಣವರ ಸಂಪ್ರದಾಯಕ್ಕೆ ಉಭಯವೇದಾಂತವೆಂದು ಹೆಸರು. ಸಂಸ್ಕೃತದ ವೇದ ಒಂದು, ಆಳ್ವಾರುಗಳ ತಮಿಳು ಪ್ರಬಂಧ ಇನ್ನೊಂದು. ಎರಡಕ್ಕೂ ಸಮನಾದ ಪ್ರಾಮಾಣ್ಯ. ಎರಡು ಭಾಷೆಗಳನ್ನು ಒಟ್ಟಿಗೆ ಹೊರುವುದನ್ನು ಕಷ್ಟವೆಂದಾಗಲಿ ದೋಷವೆಂದಾಗಲಿ ಎಣಿಸದೆ ಧರ್ಮವೆಂದೇ ಎಣಿಸಿದ ಸಮಾಜ ಇದು. ಇಂತಹವರು ಮೈಸೂರಿನ ಕನ್ನಡ ಆಸ್ಥಾನವನ್ನು ಸೇರಿದಾಗ ಮೂರನೆಯದಾಗಿ ಕನ್ನಡವು ಕೂಡಿಕೊಂಡಿತು. ತಿರುಮಲಾರ್ಯನು ಅಪ್ರತಿಮವೀರಚರಿತೆ, ಚಿಕ್ಕದೇವರಾಜ ವಿಜಯ, ಚಿಕ್ಕದೇವರಾಜ ವಂಶಾವಳಿಗಳನ್ನು ಬರೆದನು. ಸಿಂಗರಾರ್ಯನು ಕನ್ನಡದಲ್ಲಿ ಉಳಿದುಬಂದಿರುವ ಮೊದಲ ನಾಟಕವಾದ ಮಿತ್ರವಿಂದಾಗೋವಿಂದವನ್ನು ಸಂಸ್ಕೃತದ ರತ್ನಾವಳಿಯನ್ನು ಅನುಸರಿಸಿ ರಚಿಸಿದನು. ಚಿಕುಪಾಧ್ಯಾಯನ ಹೆಸರಿನಲ್ಲಿ ಸುಮಾರು ಮೂವತ್ತು ಗ್ರಂಥಗಳಿವೆ. ಅವುಗಳಲ್ಲಿ ೧೬೮೦ರ ಕಮಲಾಚಲಮಾಹಾತ್ಮ್ಯವು ಗುಂಡ್ಲುಪೇಟೆಯ ಗೋಪಾಲಸ್ವಾಮಿ ಬೆಟ್ಟದ ಸ್ಥಳಪುರಾಣ; ದಿವ್ಯಸೂರಿಚರಿತೆಯು ಹನ್ನೆರಡು ಆಳ್ವಾರುಗಳ ಚರಿತ್ರೆ; ಪಿಳ್ಳೈ ಲೋಕಾಚಾರ್ಯರ ಅರ್ಥಪಂಚಕವನ್ನೂ ಅವನು ಕನ್ನಡಕ್ಕೆ ತಂದನು.

ಈ ಮಾಹಾತ್ಮ್ಯಗಳಿಗೆ ಕಾವ್ಯಗುಣ ಕಡಮೆಯೆಂದು ಸಾಹಿತ್ಯಚರಿತ್ರಕಾರರು ತೀರ್ಪುಕೊಟ್ಟು ಮುಂದೆ ಹೋಗುವುದು ವಾಡಿಕೆ. ತೀರ್ಪು ತಪ್ಪಲ್ಲ. ಆದರೆ ಇವುಗಳನ್ನು ಕಾವ್ಯವೆಂದು ಮಾತ್ರ ಅಳೆದರೆ ನಡೆದ ಕೆಲಸದ ತೂಕ ತಿಳಿಯುವುದಿಲ್ಲ. ತಮಿಳಿನಲ್ಲಿ ಪಠಿಸುತ್ತಿದ್ದುದನ್ನು ನೆರೆಮನೆಯ ಕನ್ನಡಿಗನಿಗೆ ತಿಳಿಯುವಂತೆ ಹೇಳಬೇಕಾದಾಗ ಹುಟ್ಟಿದ ಬರಹ ಇದು. ತಮ್ಮದಾದುದನ್ನು ಕನ್ನಡಕ್ಕೆ ಒಪ್ಪಿಸಿದವರು ಅದನ್ನು ತಮ್ಮಲ್ಲಿ ಬಿಟ್ಟುಬಿಡಲಿಲ್ಲ. ಬೆಳಿಗ್ಗೆ ತಿರುವಾಯ್ಮೊಳಿಯನ್ನು ತಮಿಳಿನಲ್ಲಿ ಹೇಳಿ, ಮಧ್ಯಾಹ್ನ ಕನ್ನಡದಲ್ಲಿ ಬರೆಯಲು ಕುಳಿತರು. ಇದೇ ವಲಯದಲ್ಲಿ ಅಳಸಿಂಗರಾರ್ಯನನ್ನು ಗುರುವೆಂದು ನೆನೆದ ಯಳಂದೂರಿನ ಸಂಚಿಯ ಹೊನ್ನಮ್ಮನು ಹದಿಬದೆಯ ಧರ್ಮವನ್ನು ತಿಳಿಯಾದ ಸಾಂಗತ್ಯದಲ್ಲಿ ಬರೆದಳು. ಎರಡು ನುಡಿಗಳ ಗುರುವಿನ ಬಳಿ ಕಲಿತವಳ ಕನ್ನಡವು ಅಷ್ಟು ಅಚ್ಚವಾಗಿರುವುದು, ಭಾಷೆಗಳು ನೆರೆಯಲ್ಲಿದ್ದರೆ ಒಂದನ್ನೊಂದು ಕೆಡಿಸುತ್ತವೆಂಬ ಶಂಕೆಗೆ ಒಳ್ಳೆಯ ಉತ್ತರ.

ಕನ್ನಡದಿಂದ ತಮಿಳಿಗೆ ಹೋದುದೂ ಉಂಟು. ಚಾಮರಾಜನಗರ ತಾಲ್ಲೂಕಿನ ಹರದನಹಳ್ಳಿಯು ಗೋಸಲ ಪರಂಪರೆಯ ವೀರಶೈವ ಪೀಠ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ಅಲ್ಲಿಯವರೆಂದು ಪ್ರತೀತಿ. ತಮಿಳಿನ ಅರವತ್ತುಮೂವರು ನಾಯನಾರರು ವೀರಶೈವರಿಗೆ ಪುರಾತನರಾದರು, ನಂಜನಗೂಡಿನ ದೇವಾಲಯದಲ್ಲಿ ಸಾಲಾಗಿ ನಿಂತರು. ಪ್ರತಿಯಾಗಿ ಚಾಮರಸನ ಪ್ರಭುಲಿಂಗಲೀಲೆಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿನಲ್ಲಿ ಹಾಡಿದರು.

ಇಷ್ಟು ಗ್ರಂಥಗಳ ಮಾತು. ಮನೆಯೊಳಗೆ ಮಗುವಿನ ಬಾಯಲ್ಲಿ ಎರಡು ನುಡಿಗಳು ಹೇಗೆ ಬೆಳೆದುವೆಂಬುದು ಇದಕ್ಕಿಂತ ಸ್ವಾರಸ್ಯವಾದ ವಿಷಯ. ಮೈಸೂರು ಸೀಮೆಯ ಶ್ರೀವೈಷ್ಣವರ ಮನೆಮಾತು ತಮಿಳು. ಆದರೆ ಅದು ಕಾಂಚಿಯ ತಮಿಳೂ ಅಲ್ಲ, ತಂಜಾವೂರಿನದೂ ಅಲ್ಲ. ಅಡುಗೆಮನೆಯಲ್ಲಿ ಸಾರು ಸಾತ್ತಮದು, ಪಲ್ಯವು ಕರಿಯಮದು, ಪಾಯಸವು ತಿರುಕ್ಕಣ್ಣಮದು. ಬಾಗಿಲು ದಾಟಿದರೆ ಅದೇ ಮಗು ಸಾರು, ಪಲ್ಯ, ಪಾಯಸ ಎನ್ನುತ್ತದೆ. ದೇವರಿಗೂ ಊಟಕ್ಕೂ ಒಂದು ಪದಕೋಶ, ಹೊಲಕ್ಕೂ ಅಂಗಡಿಗೂ ಕಚೇರಿಗೂ ಇನ್ನೊಂದು. ಮನೆಯ ತಮಿಳಿನೊಳಗೇ ಕನ್ನಡದ ಪದಗಳು ನೆಲದ ನೀರಿನಂತೆ ಹರಿದುಬಂದು, ತಮಿಳುನಾಡಿನ ಬಂಧುಗಳು ಕೇಳಿ ನಗುವಷ್ಟು ಅದು ಬೇರೆಯಾಯಿತು.

ಮಗುವು ಯಾರೂ ಹೇಳಿಕೊಡದೆ ಗ್ರಹಿಸುವ ವ್ಯಾಕರಣವೊಂದುಂಟು. ತಮಿಳಿನ ಪಾಲ್ ಹೊರಗೆ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪೂ ಹೂವು, ವಾಯ್ ಬಾಯಿ, ವೇರ್ ಬೇರು, ವಿಲ್ ಬಿಲ್ಲು, ಚೆವಿ ಕಿವಿ. ಪಕಾರಕ್ಕೆ ಹಕಾರ, ವಕಾರಕ್ಕೆ ಬಕಾರ ಎಂಬ ಸೂತ್ರವನ್ನು ನಾಲ್ಕು ವರ್ಷದ ಕೂಸು ಕಲಿತುಕೊಂಡು, ಕೇಳರಿಯದ ಪದಗಳನ್ನೂ ಅದರಂತೆ ಮಾರ್ಪಡಿಸಿ ಆಡುತ್ತದೆ. ಸೂತ್ರವು ಕೈಕೊಡುವ ಎಡೆಗಳೂ ಉಂಟು. ಪೇಸು ಎಂದರೆ ತಮಿಳಿನಲ್ಲಿ ಮಾತನಾಡು. ಸೂತ್ರದಂತೆ ಹೇಸು ಎಂದರೆ ಕನ್ನಡದಲ್ಲಿ ಆಗುವ ಅರ್ಥ ಬೇರೆ. ಪಣ್ಣು ಎಂದರೆ ಮಾಡು. ಹಣ್ಣು ಎಂದೊಡನೆ ತಿನ್ನುವ ವಸ್ತು. ಇಂತಹ ಎಡವಟ್ಟುಗಳಿಗೆ ಬೀದಿಯ ಹುಡುಗರು ನಕ್ಕ ನಗೆಯೇ ಅನೇಕರಿಗೆ ಮೊದಲ ಭಾಷಾಪಾಠವಾಗಿದ್ದಿರಬೇಕು.

ಸಾಹಿತ್ಯದ ಉಪಾಧ್ಯಾಯರು ಗಮನಿಸತಕ್ಕ ಅಂಶವೊಂದು ಇಲ್ಲಿದೆ. ಪಂಪ ರನ್ನರ ಕನ್ನಡದಲ್ಲಿ ಹಾಲು ಇನ್ನೂ ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು. ಹಳಗನ್ನಡವು ಕನ್ನಡ ಮನೆಯ ವಿದ್ಯಾರ್ಥಿಗೆ ಅಪರಿಚಿತವಾಗಿ ತೋರುವ ಜಾಗದಲ್ಲಿಯೇ ತಮಿಳು ಮನೆಯ ವಿದ್ಯಾರ್ಥಿಗೆ ತನ್ನ ಅಡುಗೆಮನೆಯ ಸದ್ದು ಕೇಳಿಸುತ್ತದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಎಣಿಸಿಕೊಡಬೇಕಾಯಿತು, ಏಕೆಂದರೆ ಕನ್ನಡಿಗರ ಬಾಯಲ್ಲಿ ಅದು ಅಳಿಯುತ್ತಿತ್ತು. ತಮಿಳು ಬರಹವು ಅದನ್ನು ಉಳಿಸಿಕೊಂಡಿತು. ಮನೆಯ ನುಡಿಯು ಶಾಲೆಯ ನುಡಿಗೆ ಅಡ್ಡಿಯೆಂದು ಹೇಳುವವರು ಈ ಉಪಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಲಿಪಿಯ ವಿಷಯ ಮತ್ತೂ ವಿಚಿತ್ರ. ಮೈಸೂರು ಸೀಮೆಯ ಶ್ರೀವೈಷ್ಣವರಲ್ಲಿ ಬಹುಮಂದಿ ತಮಿಳು ಲಿಪಿಯನ್ನು ಓದಲಾರರು. ಧನುರ್ಮಾಸದ ಚಳಿಯಲ್ಲಿ ತಿರುಪ್ಪಾವೈಯನ್ನು ಅವರು ಓದುವುದು ಕನ್ನಡ ಲಿಪಿಯ ಪುಸ್ತಕದಿಂದ. ಕನ್ನಡ ಅಚ್ಚಿನಿಂದ ಮರೆಯಾದ ಱ, ೞ ಎಂಬ ಅಕ್ಷರಗಳಿಗೆ ಇಂತಹ ಕೆಲವು ಪುಸ್ತಕಗಳಲ್ಲಿ ಮತ್ತೆ ಕೆಲಸ ದೊರೆಯಿತು. ಆಡುವುದು ಒಂದು, ಬರೆಯುವುದು ಇನ್ನೊಂದು, ಬರೆದುದರೊಳಗೆ ಆಡುವುದನ್ನು ತುಂಬುವುದು ಮೂರನೆಯದು. ಇದನ್ನು ಭಾಷಾಭಿಮಾನದ ಕೊರತೆಯೆಂದು ತಮಿಳರೂ, ಕನ್ನಡವನ್ನು ಪೂರ್ತಿ ಒಪ್ಪದ ಬೇರೆತನವೆಂದು ಕನ್ನಡಿಗರೂ ಟೀಕಿಸಿದ್ದುಂಟು. ಎರಡು ಟೀಕೆಗಳೂ ಒಂದೇ ಮನೆಯನ್ನು ಎರಡು ಕಿಟಕಿಗಳಿಂದ ನೋಡಿದವರವು.

ಇಂತಹ ಮನೆಗಳಿಂದ ಹೊಸಗನ್ನಡಕ್ಕೆ ಬಂದವರಲ್ಲಿ ಈ ಸೀಮೆಯ ಹೆಸರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತವರು ಜಿ. ಪಿ. ರಾಜರತ್ನಂ (೧೯೦೮–೧೯೭೯). ಆ ಮೊದಲೆರಡು ಅಕ್ಷರಗಳು ಗುಂಡ್ಲು ಪಂಡಿತ ವಂಶವನ್ನು ಸೂಚಿಸುತ್ತವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಪು. ತಿ. ನರಸಿಂಹಾಚಾರ್ಯರು ಇದೇ ಬಗೆಯ ಮನೆಗಳವರಾದರೂ ಅವರ ಕನ್ನಡ ಬಹುಮಟ್ಟಿಗೆ ಗ್ರಂಥಕ್ಕೆ ಸಮೀಪವಾದುದು. ರಾಜರತ್ನಂ ಅವರು ಬೇರೊಂದು ದಾರಿಯನ್ನು ಹಿಡಿದರು. ರತ್ನನ ಪದಗಳಲ್ಲಿ ಅವರು ಕುಡುಕನ ಬಾಯಲ್ಲಿ ಇಟ್ಟ ಕನ್ನಡವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಒತ್ತಕ್ಷರಗಳು ಸಡಿಲಿ, ಹಕಾರ ಬಿದ್ದು, ಬೀದಿಯಲ್ಲಿ ಕೇಳಿಸುವ ಕನ್ನಡ ಅದು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಗ್ರಂಥದ ಕನ್ನಡ, ಹೊರಗೆ ಆಡುಗನ್ನಡ ಎಂದು ಮೂರು ಸದ್ದುಗಳ ನಡುವೆ ಬೆಳೆದ ಕಿವಿಯು ಒಂದರಿಂದ ಒಂದನ್ನು ಬೇರ್ಪಡಿಸುವುದರಲ್ಲಿ ಚಿಕ್ಕಂದಿನಿಂದಲೇ ಪಳಗಿರುತ್ತದೆ. ಆಡುಗನ್ನಡವನ್ನೇ ಆಡಿ ಬೆಳೆದವನಿಗೆ ಅದು ಉಸಿರಿನಷ್ಟು ಸಹಜ, ಆದುದರಿಂದ ಅವನಿಗೆ ಅದು ಕೇಳಿಸುವುದೇ ಇಲ್ಲ. ಪಕ್ಕದಲ್ಲಿ ನಿಂತವನಿಗೆ ಕೇಳಿಸುತ್ತದೆ. ರಾಜರತ್ನಂ ಅವರ ಸಾಧನೆಗೆ ಇದೊಂದೇ ಕಾರಣವೆಂದು ಹೇಳಲಾಗದು, ಆದರೆ ಇದನ್ನು ಬಿಟ್ಟು ವಿವರಿಸುವುದೂ ಕಷ್ಟ.

ಇದುವರೆಗೆ ಹೇಳಿದುದು ಅಕ್ಷರವನ್ನು ಕೈಯಲ್ಲಿ ಹಿಡಿದವರ ಕಥೆ. ಅವರು ಕೆಲವರು. ಎರಡು ನುಡಿಗಳನ್ನು ಆಡಿ ಬಾಳಿದವರಲ್ಲಿ ಹೆಚ್ಚಿನವರಿಗೆ ಒಂದನ್ನೂ ಬರೆಯಲು ಬರುತ್ತಿರಲಿಲ್ಲ. ನೀಲಗಿರಿ ವಯನಾಡುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಚಹಾ ತೋಟಗಳು ಎದ್ದಾಗ ಈ ಸೀಮೆಯಿಂದ ಕೂಲಿಗೆ ಹೋದವರು, ಮೇಸ್ತ್ರಿಯ ಕೂಗು ತಿಳಿಯುವಷ್ಟು ತಮಿಳನ್ನೋ ಮಲಯಾಳವನ್ನೋ ಕಲಿತರು. ಸುಗ್ಗಿಗೆ ಊರಿಗೆ ಬಂದು ಅದನ್ನು ಮಡಿಸಿಟ್ಟರು. ಈಚಿನ ವರ್ಷಗಳಲ್ಲಿ ಕೇರಳದವರು ಗುಂಡ್ಲುಪೇಟೆಯ ಕಡೆ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಸತೊಡಗಿದ ಮೇಲೆ, ಭಾಷೆಯೇ ಘಟ್ಟವನ್ನು ಹತ್ತಿ ಕೂಲಿಯವನಿದ್ದಲ್ಲಿಗೆ ಬಂದಂತಾಗಿದೆ. ಅಗ್ರಹಾರದ ದ್ವಿಭಾಷಾಜ್ಞಾನವು ಪಾಂಡಿತ್ಯವೆನಿಸಿತು. ಕೂಲಿಯವನದಕ್ಕೆ ಹೆಸರೇ ಹುಟ್ಟಲಿಲ್ಲ.

ಸೋಲಿಗರ ಸ್ಥಿತಿ ಇದಕ್ಕಿಂತ ಬೇರೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಈ ಜನರ ನುಡಿಯು ಕನ್ನಡಕ್ಕೆ ಅತ್ಯಂತ ಸಮೀಪವಾದುದಾದರೂ ತನ್ನದೇ ರೂಪಗಳನ್ನು ಉಳಿಸಿಕೊಂಡಿದೆ. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು ಸೋಲಿಗರ ನುಡಿಯನ್ನು ಕನ್ನಡದ ಕೆಟ್ಟ ಅಥವಾ ಹಳೆಯ ರೂಪವೆಂಬ ಅರ್ಥ ಬರುವಂತೆ ವರ್ಣಿಸಿದನು. ಕೆಟ್ಟದೋ ಹಳೆಯದೋ ಎಂಬುದನ್ನು ನಿಶ್ಚಯಿಸದೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅವನ ಅರಿಯಮೆ. ಆದರೂ ಆ ವಿಕಲ್ಪದಲ್ಲಿ ಒಂದು ಸತ್ಯವಿದೆ. ನಾಡಿನವನಿಗೆ ಕೆಟ್ಟದಾಗಿ ಕೇಳಿಸುವುದು ಅನೇಕ ವೇಳೆ ನಾಡು ಮರೆತುಬಿಟ್ಟ ಹಳೆಯದೇ. ೧೯೮೧ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸ್ಥಾಪಿತವಾಗಿ, ಅದರ ಶಾಲೆಯಲ್ಲಿ ಸೋಲಿಗ ಮಕ್ಕಳು ಪುಸ್ತಕದ ಕನ್ನಡವನ್ನು ಕಲಿತರು. ತನ್ನ ನುಡಿಯನ್ನೇ ಹೋಲುವ, ಆದರೆ ತನ್ನದಲ್ಲದ ನುಡಿಯಲ್ಲಿ ಓದುವ ಮಗುವಿಗೆ, ತಾನು ಬೇರೆ ಭಾಷೆಯನ್ನು ಕಲಿಯುತ್ತಿದ್ದೇನೆಂಬ ಗೌರವವೂ ದೊರೆಯುವುದಿಲ್ಲ. ತಪ್ಪು ಮಾತನಾಡುತ್ತಾನೆಂಬ ಆಕ್ಷೇಪ ಮಾತ್ರ ದೊರೆಯುತ್ತದೆ. ನೀಲಗಿರಿಯ ಬಡಗರದೂ ಇಂತಹುದೇ ಪ್ರಶ್ನೆ. ಬಡಗಣಿಂದ, ಎಂದರೆ ಮೈಸೂರು ಸೀಮೆಯಿಂದ, ಬಂದವರೆಂಬುದನ್ನು ಹೆಸರಿನಲ್ಲಿಯೇ ಉಳಿಸಿಕೊಂಡ ಅವರು ಮನೆಯಲ್ಲಿ ಬಡಗು ಆಡುತ್ತಾರೆ, ಶಾಲೆಯಲ್ಲಿ ತಮಿಳು ಓದುತ್ತಾರೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಂಪನಿಯವರು ಕೊಯಮತ್ತೂರು ಸೀಮೆಯನ್ನು ತಮ್ಮದಾಗಿ ಮಾಡಿಕೊಂಡರು. ಚಾಮರಾಜನಗರ ಗುಂಡ್ಲುಪೇಟೆಗಳು ಮೈಸೂರಿನಲ್ಲಿ ಉಳಿದುವು. ಕನ್ನಡ ನಾಡಾದ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಗೆ ಸೇರಿದುವು. ಒಂದೂವರೆ ಶತಮಾನ ಈ ಗೆರೆಯು ಕಂದಾಯದ ಗೆರೆಯಾಗಿತ್ತು, ಭಾಷೆಯ ಗೆರೆಯಾಗಿರಲಿಲ್ಲ. ಗೆರೆಯ ಈಚಿನ ಮಾದೇಶ್ವರನ ಒಕ್ಕಲು ಆಚಿನ ಬೆಟ್ಟಕ್ಕೆ ಹರಕೆ ಹೊತ್ತು ನಡೆದರು, ಕಂಸಾಳೆಯವರ ಹಾಡು ಎರಡು ಕಡೆಗಳಲ್ಲಿಯೂ ಒಂದೇ ಆಗಿತ್ತು. ೧೯೫೩ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು ವರದಿಯನ್ನು ಒಪ್ಪಿಸಿದ ತರುವಾಯ, ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಕನ್ನಡ ಚಿತ್ರರಂಗದ ರಾಜ್‌ಕುಮಾರರು ೧೯೨೯ರಲ್ಲಿ ಹುಟ್ಟಿದ ಗಾಜನೂರು ಈ ತಾಳವಾಡಿಯ ಕಡೆಯ ಹಳ್ಳಿ. ದೀಪಾವಳಿಯ ಬೆನ್ನಿಗೆ ಸೆಗಣಿಯಿಂದ ಹೊಡೆದಾಡುವ ಗೊರೆಹಬ್ಬದ ಗುಮಟಾಪುರವೂ ಅಲ್ಲಿಯದೇ. ಚಾಮರಾಜನಗರದವರೆಗೆ ಬಂದ ರೈಲಿನ ದಾರಿ ಘಟ್ಟವಿಳಿದು ಸತ್ಯಮಂಗಲವನ್ನು ಮುಟ್ಟಲೇ ಇಲ್ಲ.

ಭಾಷೆಯ ಹೆಸರಿನಲ್ಲಿ ಎಳೆದ ಗೆರೆಯು ಹಳೆಯ ಕಂದಾಯದ ಗೆರೆಗಿಂತ ಕಠಿನವಾದುದು. ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಪಡೆಯುವ ಅನುಕೂಲವನ್ನು ಭಾಷಾ ಅಲ್ಪಸಂಖ್ಯಾತರಿಗೆ ಕಲ್ಪಿಸಬೇಕೆಂದು ೧೯೫೬ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ ೩೫೦ ಎ ಎಂಬ ವಿಧಿಯನ್ನು ಸೇರಿಸಿತು. ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಅದರ ನೆರಳಿನಲ್ಲಿ ನಡೆದುಬಂದುವು. ೨೦೦೬ರಲ್ಲಿ ತಮಿಳುನಾಡು ತಮಿಳನ್ನು ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯಮಾಡುವ ಶಾಸನವನ್ನು ಮಾಡಿತು. ೨೦೧೫ರಲ್ಲಿ ಕರ್ನಾಟಕವು ಕನ್ನಡಕ್ಕೆ ಅಂತಹುದನ್ನೇ ಮಾಡಿತು. ನಾಡಿನ ಭಾಷೆಯನ್ನು ಅಲ್ಲಿ ಬಾಳುವ ಮಗು ಕಲಿಯಬೇಕೆಂಬುದರಲ್ಲಿ ಅನ್ಯಾಯವಿಲ್ಲ. ಈ ಸೀಮೆಯ ಮಕ್ಕಳು ಯಾವ ಶಾಸನವೂ ಇಲ್ಲದ ಕಾಲದಲ್ಲಿ ಅದನ್ನು ಕಲಿತೇ ಇದ್ದರು. ಬೀದಿಯಲ್ಲಿ ಕಲಿತ ನುಡಿಯನ್ನು ಹತ್ತನೆಯ ತರಗತಿಯ ಪರೀಕ್ಷೆಯ ಪತ್ರಿಕೆಯಾಗಿ ಎದುರಿಸಬೇಕಾದಾಗ ಮಾತ್ರ ಅದರ ಮುಖ ಬದಲಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮನವಿಗಳು ಮದರಾಸಿನ ಉಚ್ಚ ನ್ಯಾಯಾಲಯಕ್ಕೂ ಸುಪ್ರೀಮ್ ಕೋರ್ಟಿಗೂ ಹೋದುವು. ವರ್ಷ ವರ್ಷಕ್ಕೆ ಎಂಬಂತೆ ವಿನಾಯಿತಿಗಳು ದೊರೆತುವು.

ತಾಳವಾಡಿಯ ಕನ್ನಡ ಶಾಲೆಯಲ್ಲಿ ಮಗು ಓದುವ ಪುಸ್ತಕವನ್ನು ಅಚ್ಚುಮಾಡುವುದು ತಮಿಳುನಾಡಿನ ಪಠ್ಯಪುಸ್ತಕ ಸಂಸ್ಥೆ. ಅಕ್ಷರ ಕನ್ನಡದ್ದು, ಪಾಠಕ್ರಮ ಚೆನ್ನೈಯದು. ಮನೆಯಲ್ಲಿಯೂ ಹೊಲದಲ್ಲಿಯೂ ಕನ್ನಡವನ್ನಾಡುವ ಆ ಮಗು ಕಚೇರಿಯ ಅರ್ಜಿಯನ್ನು ತಮಿಳಿನಲ್ಲಿ ಬರೆಯಬೇಕು; ಘಟ್ಟದ ಈಚೆ ಗುಂಡ್ಲುಪೇಟೆಯಲ್ಲಿ ಮನೆಯೊಳಗೆ ತಮಿಳನ್ನಾಡುವ ಮಗು ಅದನ್ನು ಕನ್ನಡದಲ್ಲಿ ಬರೆಯುತ್ತದೆ. ತಾಳವಾಡಿಯ ಮನೆಗಳಲ್ಲಿ ಹುಡುಗ ಹುಡುಗಿಯರು ಹತ್ತನೆಯ ತರಗತಿಯನ್ನು ಮುಗಿಸಿದ ಬೇಸಗೆಯಲ್ಲಿ, ಮುಂದಿನ ಓದಿಗೆ ಮೇಲೆ ಚಾಮರಾಜನಗರದ ಕಡೆಗೋ ದಿಂಬದ ಘಟ್ಟವಿಳಿದು ಸತ್ಯಮಂಗಲದ ಕಡೆಗೋ ಎಂಬುದನ್ನು ತಂದೆತಾಯಿಗಳು ಕುಳಿತು ನಿಶ್ಚಯಿಸಬೇಕಾಗುತ್ತದೆ.